ನಮ್ಮ ಮೇಷ್ಟ್ರಿಗೊಂದು ದಂಡ

ಟ್ರಾಫಿಕ್ ಪೊಲೀಸ್ ಕೆಲಸದಲ್ಲಿ ತಮಾಷೆ ನಡೆಯದ ದಿನವೆಂದರೆ ಅವತ್ತು ನಾನು ರಜೆಯಲ್ಲಿದ್ದೆ ಅಂತ ಅರ್ಥ. ಬೇರೆಯವರಿಗೆ ಜನರ ತಮಾಷೆ ಸಿಗುತ್ತದೆ, ನನ್ನ ವಿಷಯದಲ್ಲಿ ಜನರಿಗೆ ನಾನು ಸಿಗುತ್ತೇನೆ. ಇದಕ್ಕೆಲ್ಲ ಕಾರಣ ಒಬ್ಬರೇ, ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಅವರು ಮೋಟಾರು ವಾಹನ ಕಾಯ್ದೆಯನ್ನು ಪಾರಾಯಣ ಮಾಡಿಬಿಟ್ಟಿದ್ದಾರೆ. ಹೈಸ್ಕೂಲು ಮುಗಿಯುವವರೆಗೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಈ ಮನುಷ್ಯನಿಗೆ ನಾನು ಎಎಸ್‌ಐ ಆಗಿ ಒಂದೇ ಒಂದು ಸಲ ದಂಡ ಹಾಕಬೇಕು. ಇದು ನನ್ನ ಜೀವನದ ಆಸೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಕೀ ಕಿತ್ತಿದ್ದು

ಕುವೆಂಪುನಗರದಲ್ಲಿ ತಪಾಸಣೆ ನಡೆಯುತ್ತಿತ್ತು. ನನ್ನ ಜೊತೆಗಿದ್ದ ಹೊಸ ಕಾನ್‌ಸ್ಟೇಬಲ್, ಮೇಷ್ಟ್ರು ಯಾರೆಂದು ತಿಳಿಯದೆ, ಅವರ ಸ್ಕೂಟರ್ ನಿಲ್ಲಿಸಿ ಕೀ ಕಿತ್ತುಕೊಂಡ.

"ಕೀ ಕಿತ್ಕೊಳ್ಳೋ ಅಧಿಕಾರ ಯಾವ ಸೆಕ್ಷನ್ನಲ್ಲಿದೆಯಪ್ಪ?" ಎಂದರು ಮೇಷ್ಟ್ರು. ಹುಡುಗ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಸರಿ, ಕಿತ್ಕೊಂಡಿದೀಯ. ಅಂದ್ಮೇಲೆ ಗಾಡಿ ಈಗ ಸರ್ಕಾರದ ವಶದಲ್ಲಿದೆ. ಒಂದು ಗೀರು ಬಿದ್ರೂ ನೀನೇ ಹೊಣೆ. ನಾನು ಕಾಫಿ ಕುಡ್ಕೊಂಡು ಬರ್ತೀನಿ," ಎಂದು ಹೊರಟೇಹೋದರು. ಕಾಫಿಯ ಜೊತೆಗೆ ಕ್ಷೌರವನ್ನೂ ಮುಗಿಸಿಕೊಂಡರು.

ಅಲ್ಲಿಯವರೆಗೆ ಕಾನ್‌ಸ್ಟೇಬಲ್ ಬಿಸಿಲಲ್ಲಿ ಸ್ಕೂಟರಿನ ಪಕ್ಕ ಅಲುಗಾಡದೆ ನಿಂತಿದ್ದ. ಹ್ಯಾಂಡಲ್ಲಿಗೆ ತೂಗುಹಾಕಿದ್ದ ಚೀಲದಿಂದ ನುಗ್ಗೇಕಾಯಿ ಇಣುಕುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, ಒಂದು ನುಗ್ಗೇಕಾಯಿ ಎಳೆದು, ಬಗ್ಗಿಸಿ ನೋಡಿ ಕೇಳಿದಳು: "ಕಟ್ಟು ಎಷ್ಟಕ್ಕೆ ಕೊಡ್ತೀರಿ ಪೊಲೀಸಪ್ಪ? ಸಂಬಳ ಸಾಲದೇನೋ ಪಾಪ!"

ಒನ್ ವೇಯಲ್ಲಿ ಪಾದಚಾರಿ

ಲಕ್ಷ್ಮೀಪುರಂನ ಒಂದು ರಸ್ತೆಯನ್ನು ಒನ್ ವೇ ಮಾಡಿದ್ದರು. ಮೇಷ್ಟ್ರು ಕಾಫಿಪುಡಿ ಕೊಳ್ಳುವ ಅಂಗಡಿ ಇದ್ದದ್ದು ಆ ರಸ್ತೆಯ ಕೊನೆಯಲ್ಲಿ. ಸುತ್ತಿಕೊಂಡು ಹೋಗುವ ತಾಳ್ಮೆ ಅವರಿಗಿಲ್ಲ ಎಂದು ನನಗೆ ಗೊತ್ತು. ಬೆಳಗಾಗುತ್ತಲೇ ಮರದ ಮರೆಯಲ್ಲಿ ಹೊಂಚುಹಾಕಿ ನಿಂತೆ.

ಬಂದರು. ನೋ ಎಂಟ್ರಿ ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿದರು. ಎಂಜಿನ್ ಆಫ್ ಮಾಡಿ, ಇಳಿದು, ರಸ್ತೆಯ ಅಂಚಿಗೆ ಸರಿದು, ಸ್ಕೂಟರನ್ನು ತಳ್ಳಿಕೊಂಡು ಒಳಗೆ ನಡೆದರು. ನಾನು ಮರದ ಮರೆಯಿಂದ ಹೊರಗೆ ಹಾರಿದೆ.

"ಸಾರ್, ಒನ್ ವೇ!"

"ಓಡಿಸ್ತಿಲ್ಲ ಕಣೋ, ನಡೀತಿದೀನಿ. ನಾನೀಗ ಪಾದಚಾರಿ. ನಿಂತ್ಕೊಂಡು ಏನು ನೋಡ್ತೀಯ? ವಯಸ್ಸಾದೋರು ಒದ್ದಾಡ್ತಿದಾರೆ, ಹಿಂದಿನಿಂದ ಒಂದು ಕೈ ಕೊಡೋ!"

ಆ ದನಿ ಕೇಳಿದರೆ ಈಗಲೂ ನನ್ನ ಕೈಕಾಲು ನನ್ನ ಮಾತು ಕೇಳುವುದಿಲ್ಲ. ಅಂಗಡಿಯವರೆಗೂ ತಳ್ಳಿದೆ. ಯಾರೋ ವಿಡಿಯೋ ಮಾಡಿದರು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಕರೆದು ಫೋನು ತೋರಿಸಿದರು: "ಏನ್ರೀ ಇದು? ಒನ್ ವೇನಲ್ಲಿ ಬರೋರನ್ನ ಹಿಡೀರಿ ಅಂದ್ರೆ ತಳ್ಕೊಂಡು ಹೋಗಿ ಬಿಟ್ಟು ಬರ್ತೀರಾ?"

ಆಯುಧ ಪೂಜೆ

ಕೊನೆಗೂ ದೇವರು ಕಣ್ಣುಬಿಟ್ಟ. ಕಳೆದ ಆಯುಧ ಪೂಜೆಯ ದಿನ ಮೇಷ್ಟ್ರು ಸ್ಕೂಟರಿನಲ್ಲಿ ಬರುತ್ತಿದ್ದಾರೆ, ಬೋಳುತಲೆ ಫಳಫಳ ಹೊಳೆಯುತ್ತಿದೆ. ಹೆಲ್ಮೆಟ್ಟಿಲ್ಲ! ನನಗೆ ರಸ್ತೆಯಲ್ಲೇ ಕುಣಿಯಬೇಕು ಅನ್ನಿಸಿತು. ಕೈ ಅಡ್ಡ ಹಿಡಿದೆ.

"ಹೆಲ್ಮೆಟ್ ಎಲ್ಲಿ ಸಾರ್?"

"ದೇವರ ಮನೇಲಿದೆ. ತಲೆ ಕಾಯೋ ಆಯುಧ ಅಂತ ನಿಮ್ಮಮ್ಮೋರು ಪೂಜೆಗೆ ಇಟ್ಬಿಟ್ರು. ಇವತ್ತು ಕದಲಿಸೋ ಹಾಗಿಲ್ಲವಂತೆ. ಗಾಡಿ ಪೂಜೆಗೆ ಹೂವು ಸಾಲದೆ ಬಂತು, ಅದಕ್ಕೇ ಬಂದೆ." ಅಮ್ಮೋರು ಅಂದರೆ ಅವರ ಹೆಂಡತಿ.

"ಕಾನೂನಿಗೆ ಹಬ್ಬ ಗೊತ್ತಿಲ್ಲ ಸಾರ್!" ಎಂದೆ. ಈ ಮಾತನ್ನು ಬಹಳ ದಿನದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಮೇಷ್ಟ್ರು ಗಾಡಿಯಿಂದ ಇಳಿದು ಕೈಕಟ್ಟಿ ನಿಂತರು. "ಸರಿಯಾಗಿ ಹೇಳ್ದೆ ಕಣೋ. ತಪ್ಪು ತಪ್ಪೇ. ಹಾಕು ದಂಡ. ರಸೀದಿ ಮಾತ್ರ ಕೊಡ್ಬೇಕು, ಅದು ನನ್ನ ಹಕ್ಕು."

ಕಣ್ಣಲ್ಲಿ ನೀರು ಬಂತು. ದಂಡದ ರಸೀದಿ ಕೊಡುವ ಮಷಿನ್ನಿಗಾಗಿ ಸೊಂಟಕ್ಕೆ ಕೈ ಹಾಕಿದೆ. ಇಲ್ಲ! ಬೆಳಿಗ್ಗೆ ಅದನ್ನು ಒರೆಸಿ ಠಾಣೆಯಲ್ಲಿ ಕೊಟ್ಟು ಬಂದಿದ್ದೆ. ತಕ್ಷಣ ಅಲ್ಲಿದ್ದ ಕಾನ್‌ಸ್ಟೇಬಲ್‌ಗೆ ಫೋನು ಮಾಡಿದೆ: "ಬೇಗ ಮಷಿನ್ ತಗೊಂಡು ಬಾರಯ್ಯ!"

"ಎಂಗ್ ತರ್ಲಿ ಸಾ? ಲಾಠಿ, ಬಂದೂಕದ ಪಕ್ಕ ಮಡಗಿ ಇನ್‌ಸ್ಪೆಕ್ಟರ್ ಸಾಹೇಬ್ರೇ ಹಾರ ಹಾಕಿ ಮಂಗಳಾರತಿ ಮಾಡ್ಬುಟ್ರು. ನಮ್ಮ ಆಯುಧ ಅದೇ ಅಲ್ವಾ? ನಾಳೆಗಂಟ ಯಾರೂ ಮುಟ್ಟಂಗಿಲ್ಲ ಅಂದವ್ರೆ."

ಫೋನು ಜೇಬಿಗಿಟ್ಟೆ. ಮೇಷ್ಟ್ರು ಕೈಕಟ್ಟಿಕೊಂಡೇ ಕಾಯುತ್ತಿದ್ದರು.

"ಸಾರ್," ಎಂದೆ, "ದಯವಿಟ್ಟು ನಾಳೆ ಬಂದ್ಬಿಡಿ ಸಾರ್, ದಂಡ ಹಾಕ್ತೀನಿ."

ಮೇಷ್ಟ್ರು ನನ್ನ ಬೆನ್ನು ತಟ್ಟಿದರು. "ಖಂಡಿತ ಬರ್ತೀನಿ ಕಣಪ್ಪ. ಆದ್ರೆ ನಾಳೆ ಹೆಲ್ಮೆಟ್ ಹಾಕ್ಕೊಂಡಿರ್ತೀನಲ್ಲೋ!"