ಕಿಡ್ನಿಯ ಪಾರ್ಸೆಲ್ ನುಂಗಿದ ಲಿವರ್ ಮಹಾಶಯರಿಗೆ

ಮಾನ್ಯರೇ,

ಬಲಗಡೆಯ ಪಕ್ಕೆಲುಬಿನಡಿ ತಾವು ಪಿತ್ತಕೋಶ ಸಮೇತ ಸುಖವಾಗಿರುವಿರೆಂದು ನಂಬಿದ್ದೇನೆ. ನಂಬುವುದೇನು ಬಂತು, ವಾರಕ್ಕೆರಡು ಸಲ ನಮ್ಮ ಪ್ರಯೋಗಾಲಯದ ಬಿಳಿ ಇಲಿಗಳ ಹೊಟ್ಟೆಯಲ್ಲಿ ತಮ್ಮ ದರ್ಶನ ಪಡೆಯುತ್ತಲೇ ಇದ್ದೇನೆ. ಕ್ಯಾಮೆರಾ ಪೆಟ್ಟಿಗೆಯೊಳಗೆ ಇಲಿಯನ್ನಿಟ್ಟರೆ ಸಾಕು, ತಾವು ಝಗಝಗ ಹೊಳೆಯುತ್ತೀರಿ. ಆ ಹೊಳಪೇ ನನ್ನ ದೂರು.

ನಾನು ಆರು ವರ್ಷದಿಂದ ಒಂದೇ ಕೆಲಸ ಮಾಡುತ್ತ, ಅದನ್ನೂ ನೆಟ್ಟಗೆ ಮಾಡದ ಸಂಶೋಧಕಿ. ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಹೊರಬಿಡುವ, ಬರಿಗಣ್ಣಿಗೆ ಕಾಣದ ಪುಟ್ಟ ಗುಳ್ಳೆಗಳನ್ನು ಸೋಸಿ ತೆಗೆದು, ಒಳಗೆ ಔಷಧಿ ತುಂಬಿ, ಮೇಲೆ ಕಿಡ್ನಿಯ ವಿಳಾಸವಾಗಿ ಪ್ರೋಟೀನಿನ ತುಣುಕೊಂದನ್ನು ಅಂಟಿಸಿ, ಎಲ್ಲಿ ಹೋದವೆಂದು ತಿಳಿಯಲು ಹೊಳೆಯುವ ಬಣ್ಣ ಹಚ್ಚಿ, ಇಲಿಯ ಬಾಲದ ರಕ್ತನಾಳಕ್ಕೆ ಚುಚ್ಚುತ್ತೇನೆ. ಅವು ಕಿಡ್ನಿಗೆ ಹೋಗಬೇಕು. ನೆಟ್ಟಗೆ ತಮ್ಮಲ್ಲಿಗೆ ಬರುತ್ತವೆ, ತಾವು ತೇಗುತ್ತೀರಿ.

ತಮ್ಮ ಆತಿಥ್ಯವನ್ನು ಎಷ್ಟು ಹೊಗಳಿದರೂ ಸಾಲದು. 'ನನ್ನನ್ನು ತಿನ್ನಬೇಡಿ' ಎಂದು ತಮ್ಮ ಕಾವಲು ಕೋಶಗಳಿಗೆ ಹೇಳುವ ಇನ್ನೊಂದು ಪ್ರೋಟೀನನ್ನೂ ಅಂಟಿಸಿ ಕಳಿಸಿದೆ. ತಾವು ಚೀಟಿಯ ಸಮೇತ ತಿಂದಿರಿ. ಮೊದಲು ಖಾಲಿ ಗುಳ್ಳೆಗಳನ್ನು ಕಳಿಸಿ ತಮ್ಮ ಹೊಟ್ಟೆ ತುಂಬಿಸಿ, ಆಮೇಲೆ ಅಸಲಿಯನ್ನು ಮೆಲ್ಲಗೆ ದಾಟಿಸೋಣವೆಂದುಕೊಂಡೆ. ಅವನ್ನು ತಿಂಡಿಯೆಂದೂ ಇವನ್ನು ಊಟವೆಂದೂ ತಿಳಿದು ಎರಡನ್ನೂ ಮುಗಿಸಿದಿರಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯ ಮೊದಲರ್ಧವನ್ನು ನನ್ನ ಕೋಣೆಯ ಬಾಗಿಲಿಗೆ ಬರೆಸಬಹುದು.

ಕಿಡ್ನಿಯೇ ಯಾಕೆ ಎಂದು ತಾವು ಕೇಳಬಹುದು. ನನಗೊಬ್ಬ ಅಕ್ಕ ಇದ್ದಾಳೆ. ನಾನು ಈ ಕೆಲಸಕ್ಕೆ ಸೇರಿದ ದಿನ ಅವಳ ಕಿಡ್ನಿಗಳು ಅರ್ಧ ಕೆಲಸ ಮಾಡುತ್ತಿದ್ದವು, ಪೂರಾ ಕೆಡುವ ಮೊದಲು ಔಷಧಿಯನ್ನು ಅಲ್ಲಿಗೇ ತಲುಪಿಸುತ್ತೇನೆಂದು ನಾನು ದೊಡ್ಡದಾಗಿ ಮಾತು ಕೊಟ್ಟಿದ್ದೆ. ನನ್ನ ಗುಳ್ಳೆಗಳು ದಾರಿ ಹುಡುಕುವಷ್ಟರಲ್ಲಿ ಆ ಕಿಡ್ನಿಗಳು ಕೈಕೊಟ್ಟವು. ಈಗ ಅವಳು ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂರುತ್ತಾಳೆ.

ಕಳೆದ ತಿಂಗಳು ಮಾತ್ರ, ಅಬ್ಬಾ, ಪವಾಡವೇ ನಡೆಯಿತು: ಇಲಿಯ ಎರಡೂ ಕಿಡ್ನಿ ಹೊಳೆದವು! ಸದಾ ಗಂಟುಮುಖದ ನಮ್ಮ ಮೇಷ್ಟ್ರು ಕೇಕ್ ತರಿಸಿದರು. ನಾನು ಕ್ಯಾಮೆರಾದ ಮುಂದಿನಿಂದ ಏಳದೆಯೇ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅಕ್ಕಪಕ್ಕದ ಕುರ್ಚಿಯವರಿಗೆಲ್ಲ 'ನನ್ನ ತಂಗಿ ದಾರಿ ಕಂಡುಹಿಡಿದಳು' ಎಂದು ಡಂಗುರ ಸಾರಿದಳು. ಆಗ ಇಲಿಗಳನ್ನು ಸಾಕುವ, ನಾವೆಲ್ಲ ಇಲಿಯಮ್ಮ ಎಂದು ಕರೆಯುವ ಹೆಂಗಸು ಕೇಕ್ ಬಾಯಿಗಿಟ್ಟುಕೊಳ್ಳುತ್ತ, 'ಅಲ್ಲಮ್ಮಾ, ಗುಳ್ಳೆ ಬಿಟ್ಟು ಬರೀ ಬಣ್ಣ ಚುಚ್ಚಿ ನೋಡಿದ್ರಾ?' ಎಂದಳು. ನೋಡಿರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಕಲಿಸುವ ಪಾಠವದು. ಹೊಸ ಬಣ್ಣ ತಂದ ಸಂಭ್ರಮದಲ್ಲಿ ನಾನೇ ಮರೆತಿದ್ದೆ. ಬರೀ ಬಣ್ಣ ಚುಚ್ಚಿ ನೋಡಿದರೆ ಕಿಡ್ನಿ ಹಾಗೇ ಹೊಳೆಯಿತು. ಬಣ್ಣ ಗುಳ್ಳೆಯಿಂದ ಕಳಚಿಕೊಂಡು ಮೂತ್ರದ ದಾರಿ ಹಿಡಿದಿತ್ತು, ಗುಳ್ಳೆಗಳು ಎಂದಿನಂತೆ ತಮ್ಮ ಹೊಟ್ಟೆಯಲ್ಲಿದ್ದವು. ನಾವು ಕೇಕ್ ಕತ್ತರಿಸಿದ್ದು ಇಲಿಯ ಉಚ್ಚೆಗೆ.

ಆದ್ದರಿಂದ ಮಾನ್ಯರೇ, ತಾವು ಬುಧವಾರ ಒಂದು ದಿನ ರಜೆ ಹಾಕಬೇಕು, ಅಥವಾ ಬಾಗಿಲಿಗೆ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆಸಬೇಕು, ಅದೂ ಆಗದಿದ್ದರೆ ನೂರರಲ್ಲಿ ಹತ್ತು ಗುಳ್ಳೆಯನ್ನಾದರೂ ಪಕ್ಕದ ಮನೆಗೆ ಕಳಿಸಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಗಬಹುದು, ನಗಿರಿ. ಆದರೆ ಅಕ್ಕನಿಗೆ ನಿಜ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಅವಳಿಗೆ ಹೇಳಬೇಕಾದದ್ದನ್ನೆಲ್ಲ ತಮಗೆ ಬರೆಯುತ್ತಿದ್ದೇನೆ. ನನ್ನ ಯಾವ ಪಾರ್ಸೆಲ್ ತಾನೇ ಸರಿಯಾದ ವಿಳಾಸಕ್ಕೆ ಹೋಗಿದೆ?

ತಮ್ಮ ವಿಶ್ವಾಸಿ,
ಆರು ವರ್ಷದಿಂದ ತಮಗೆ ಅನ್ನ ಹಾಕುತ್ತಿರುವವಳು

ಮರೆತ ಮಾತು: ಹೇಳಲು ಧೈರ್ಯ ಸಾಲದೆ ಈ ಪತ್ರವನ್ನೇ ಅಕ್ಕನ ಕೈಗಿಟ್ಟೆ. ಕುರ್ಚಿಯಲ್ಲಿ ಕೂತೇ ಓದಿದಳು. ಉಚ್ಚೆಯ ಸಾಲಿಗೆ ಎಷ್ಟು ನಕ್ಕಳೆಂದರೆ, ಸೂಜಿ ಚುಚ್ಚಿದ ಕೈ ಅಲ್ಲಾಡಿಸಬೇಡಿ ಎಂದು ನರ್ಸ್ ಗದರಿದರು. ಆಮೇಲೆ ಕಣ್ಣೊರೆಸಿಕೊಂಡು, ಮುಂದಿನ ಇಂಜೆಕ್ಷನ್ ಯಾವತ್ತು ಎಂದು ಕೇಳಿದಳು. ಬುಧವಾರ ಎಂದೆ. ಪತ್ರ ವಾಪಸು ಕೊಡುತ್ತ ಅಂದಳು: 'ಪಾಪ, ಲಿವರನ್ನ ಯಾಕೆ ಬೈತೀಯೇ? ನನ್ನ ಪಾಲಿಗೆ ನೆಟ್ಟಗೆ ಕೆಲಸ ಮಾಡ್ತಿರೋದು ಅದೊಂದೇ. ನಿನ್ನನ್ನೂ ಲೆಕ್ಕಕ್ಕೆ ಸೇರಿಸಿಯೇ ಹೇಳ್ತಿದೀನಿ.'