ಕೊನೆಯ ಪಿರಿಯಡ್ಡು ಮತ್ತು ಸಿರಿಮನೆ ಬಸ್ಸು

ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ತನ್ನದಾಗಿದ್ದಕ್ಕೆ ಹತ್ತನೇ ತರಗತಿಯ ಅರ್ಪಣಾ ಅದುವರೆಗೆ ಪಟ್ಟ ಪಾಡೆಲ್ಲ ಸಣ್ಣಪುಟ್ಟದ್ದು. ಬೋರ್ಡು ಒರೆಸುವುದು, ಸೀಮೆಸುಣ್ಣ ತರುವುದು, ಇಂಜೆಕ್ಷನ್ನಿಗೆ ಎಲ್ಲರಿಗಿಂತ ಮೊದಲು ತೋಳು ಒಡ್ಡುವುದು. ಆದರೆ ಆ ದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಸ್ತರು ಸಚ್ಚಿದಾನಂದರು ಅದೇ ಪುಸ್ತಕ ಹಿಡಿದು ಜಗಲಿಗೆ ಬಂದಾಗ ಅವಳು ಮುಂದಿನವಳ ಬೆನ್ನ ಹಿಂದೆ ಸರಿದು ನಿಂತಳು.

“ಹಳ್ಳಿ ಹೈಸ್ಕೂಲುಗಳ ಓದು ಹೇಗೆ ಸುಧಾರಿಸಬೇಕು ಅಂತ ಮಕ್ಕಳನ್ನೇ ಕೇಳೋದಕ್ಕೆ ಇವತ್ತು ಮಧ್ಯಾಹ್ನ ಒಬ್ಬರು ಅಧಿಕಾರಿ ಬರ್ತಾರೆ. ನರಸಿಂಹರಾಜಪುರ, ಕೊಪ್ಪ ಮುಗಿಸಿ ನಮ್ಮ ಶೃಂಗೇರಿ ಕಡೆಗೆ ಬರೋದು. ನಮ್ಮ ಶಾಲೆ ಪರವಾಗಿ ಒಬ್ಬರು ಮಾತಾಡಬೇಕು,” ಎಂದವರೇ ಪುಸ್ತಕ ತೆರೆದು, “ಅರ್ಪಣಾ,” ಎಂದರು. ಎರಡನೆಯ ಹೆಸರಿನವರೆಗೆ ಹೋಗುವ ಶ್ರಮ ತೆಗೆದುಕೊಳ್ಳಲಿಲ್ಲ.

ಅರ್ಪಣಾ ಮಾತು ಕಡಿಮೆಯ ಹುಡುಗಿ. ಬೇಡ ಎನ್ನುವುದಂತೂ ಅವಳಿಗೆ ಬಾರದ ವಿದ್ಯೆ. ಆದರೂ ಅವಳಿಗೆ ಹೇಳಿಕೊಳ್ಳುವುದು ಒಂದಿತ್ತು. ಅವಳ ಮನೆ ಸಿರಿಮನೆ ಕಡೆ. ಆ ಕಡೆಗೆ ಸಂಜೆ ಹೋಗುವುದು ಒಂದೇ ಬಸ್ಸು, ಅದು ಬರುವುದು ಶಾಲೆಯ ಕೊನೆಯ ಪಿರಿಯಡ್ಡಿನ ನಡುವೆ. ಕೊನೆಯ ಪಿರಿಯಡ್ಡೆಂದರೆ ವಿಜ್ಞಾನದ ಪ್ರಯೋಗ. ಭಾರ್ಗವಿ ಟೀಚರು ಮೈಲುತುತ್ತದ ನೀಲಿ ನೀರಿಗೆ ಕಬ್ಬಿಣದ ಮೊಳೆ ಇಳಿಸಿ “ಈಗ ನೋಡಿ” ಎನ್ನುತ್ತಿದ್ದ ಹಾಗೇ ರಸ್ತೆಯಲ್ಲಿ ಹಾರ್ನು ಕೂಗುತ್ತದೆ, ಅರ್ಪಣಾ ಚೀಲ ಹೆಗಲಿಗೇರಿಸಿ ಓಡುತ್ತಾಳೆ. ಹೀಗಾಗಿ ಪ್ರಯೋಗಗಳ ಆರಂಭವನ್ನೆಲ್ಲ ಅವಳು ಕಂಡಿದ್ದಳು, ಮುಕ್ತಾಯ ಒಂದನ್ನೂ ಕಂಡಿರಲಿಲ್ಲ. ಶಾಲೆಗೆ ತಡವಾಗಿ ಸೇರಿ ಹಾಜರಿಯಲ್ಲಿ ಕೊನೆಗಿದ್ದ ಗೆಳತಿ ಅನಿತಾಳನ್ನು ಮರುದಿನ ಕೇಳಿದರೆ, “ಎಂತ ಇಲ್ಲ ಮಾರಾಯ್ತಿ, ಬಣ್ಣ ಬದಲಾಯ್ತು ಅಷ್ಟೆ,” ಎನ್ನುವಳು. ಯಾವ ಬಣ್ಣ ಎಂದರೆ, “ಯಾವ್ದೋ ಒಂದು.” ವಿಜ್ಞಾನವೆಂದರೆ ಊಟ ಬಿಟ್ಟು ಕೂರುವ ಹುಡುಗಿಗೆ ಇದು ಎಂಥ ಸಂಕಟ ನೋಡಿ.

ಆ ಬಸ್ಸು ಅರ್ಧ ಗಂಟೆ ತಡವಾಗಿ ಹೊರಟರೆ ಸಾಕು, ಅವಳಿಗೆ ಬೇಕಾಗಿದ್ದು ಅಷ್ಟೆ. ಧೈರ್ಯ ಮಾಡಿ ಹೆಡ್ಮಾಸ್ತರ ಕೋಣೆಗೆ ಹೋದಳು.

“ಸರ್, ಬಸ್ಸಿನ ವಿಷಯ ಹೇಳಲಾ?”

“ಬಸ್ಸು ಶಿಕ್ಷಣ ಇಲಾಖೆಗೆ ಬರೋದಿಲ್ಲಮ್ಮ,” ಎಂದರು ಸಚ್ಚಿದಾನಂದರು. “ನೀನು ಕಾಂಪೌಂಡ್ ಕೇಳು. ನಿನ್ನೆ ನಾನು ಹಾಜರಿ ಕೂಗುವಾಗ ಕಿಟಕಿಯಲ್ಲಿ ಒಂದು ದನ ತಲೆ ಹಾಕಿ ಅಂಬಾ ಅಂತು. ನಾನು ಹಾಜರಿ ಹಾಕಿಬಿಟ್ಟೆ.”

ಅರ್ಪಣಾ ತಲೆಯಾಡಿಸಿದಳು. ಹೊರಗೆ ಡ್ರಿಲ್ ಮಾಸ್ತರು ಯಜ್ಞೇಶ ಕಾದಿದ್ದರು. “ಒಂದು ವಾಲಿಬಾಲ್ ನೆಟ್ ಕೇಳು ಮಾರಾಯ್ತಿ. ಈಗಿರೋದ್ರಲ್ಲಿ ದಾರಕ್ಕಿಂತ ತೂತು ಜಾಸ್ತಿ. ನೀನು ಇವತ್ತು ಡ್ರಿಲ್ಲಿಗೆ ಬರೋದು ಬೇಡ, ಗಂಟಲು ಜೋಪಾನ ಮಾಡ್ಕೊ,” ಎಂದರು. ಡ್ರಿಲ್ಲಿಗೂ ಗಂಟಲಿಗೂ ಏನು ಸಂಬಂಧವೋ ಅವರಿಗೇ ಗೊತ್ತು.

ಮಧ್ಯಾಹ್ನದ ಬಿಸಿಯೂಟಕ್ಕೆ ಅಡುಗೆಯ ಸೀತಕ್ಕ ಅವಳ ತಟ್ಟೆಗೆ ಎರಡು ಸೌಟು ಸಾಂಬಾರು ಹೆಚ್ಚಾಗಿ ಹಾಕಿ, “ಕೂಸೇ, ಒಂದು ದೊಡ್ಡ ಕುಕ್ಕರು ಕೇಳು. ಈ ಬೇಳೆ ಬೇಯೋಷ್ಟರಲ್ಲಿ ನನ್ನ ಅರ್ಧ ಆಯಸ್ಸು ಮುಗೀತದೆ,” ಎಂದಳು. ಹುಡುಗರು ಬಂದು ವಾರಕ್ಕೆರಡು ದಿನ ಲೆಕ್ಕಕ್ಕೆ ರಜೆ ಕೇಳೆಂದರು. ಅನಿತಾ ಕಿವಿಯಲ್ಲಿ, “ಹುಡುಗಿಯರ ಶೌಚಾಲಯದ ಚಿಲಕ ಮರೀಬೇಡ,” ಎಂದಳು. ಎಲ್ಲರಿಗೂ ಅರ್ಪಣಾ ಹ್ಞೂಂ ಎಂದಳು. ಅವಳ ತಲೆ ಸಂತೆ ದಿನದ ಬಸ್ಸಿನ ಹಾಗೆ ತುಂಬಿಹೋಗಿ, ಅವಳದೇ ಬೇಡಿಕೆಗೆ ನಿಲ್ಲಲೂ ಜಾಗವಿರಲಿಲ್ಲ.

ಏನನ್ನೂ ಕೇಳದವರು ಭಾರ್ಗವಿ ಟೀಚರು ಒಬ್ಬರೇ. “ನಿಂಗೆ ಎಂತ ಬೇಕೋ ಅದನ್ನೂ ಹೇಳು ಅರ್ಪಣಾ,” ಎಂದರು.

“ಅದು ಇಲಾಖೆಗೆ ಬರೋದಿಲ್ವಂತೆ ಟೀಚರ್,” ಎನ್ನುವಾಗ ಅವಳಿಗೆ ಅಳು ಬಂದಿತ್ತು. ಟೀಚರು ಅವಳ ಜಡೆ ಸರಿಪಡಿಸಿದರು.

ಅಧಿಕಾರಿ ಬಂದದ್ದು ಕೊನೆಯ ಪಿರಿಯಡ್ಡು ಶುರುವಾದ ಮೇಲೆ. ನಗುಮುಖದ ಹೆಂಗಸು. ಬೆಂಚಿನ ಮೇಲೆ ಮಕ್ಕಳ ಪಕ್ಕದಲ್ಲೇ ಕೂತು, “ಹೆದರಬೇಡ, ಹೇಳು ಮಗಳೇ,” ಎಂದರು. ಅರ್ಪಣಾ ಎದ್ದು ನಿಂತಳು. ಎದುರಿಗೆ ಹೆಡ್ಮಾಸ್ತರು, ಬಾಗಿಲಲ್ಲಿ ಡ್ರಿಲ್ ಮಾಸ್ತರು, ಕಿಟಕಿಯಲ್ಲಿ ಸೌಟು ಹಿಡಿದ ಸೀತಕ್ಕ.

“ಮೇಡಂ, ನಮ್ಮ ಕುಕ್ಕರಿಗೆ ಕಾಂಪೌಂಡ್ ಇಲ್ಲ,” ಎಂದು ಆರಂಭಿಸಿದಳು. “ದನಗಳು ಬಂದು ವಾಲಿಬಾಲ್ ಆಡ್ತವೆ. ಬೇಳೆಗೆ ಚಿಲಕ ಬೇಕು. ಲೆಕ್ಕ ಬೇಯೋದಿಲ್ಲ.”

ಕೋಣೆಯಿಡೀ ನಕ್ಕಿತು. ಹೆಡ್ಮಾಸ್ತರು ಹಣೆ ಒರೆಸಿಕೊಂಡರು. ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನು ಕೂಗಿತು. ಅರ್ಪಣಾಳ ಕೈ ತಾನಾಗಿ ಚೀಲಕ್ಕೆ ಹೋಯಿತು.

“ನಾನು ಹೊರಡ್ತೇನೆ ಮೇಡಂ, ಬಸ್ಸು ಬಂತು.”

“ನಿನ್ನ ಮಾತು ಮುಗೀಲಿಲ್ಲವಲ್ಲ?”

“ನಂಗೆ ಯಾವ್ದೂ ಮುಗಿಯೋದಿಲ್ಲ ಮೇಡಂ,” ಎಂದಳು. ದಿನವಿಡೀ ಒಳಗೇ ಇಟ್ಟುಕೊಂಡಿದ್ದು ಈಗ ಹೊರಬಂತು. “ಟೀಚರು ದಿನಾ ಕೊನೇ ಪಿರಿಯಡ್ಡಿಗೆ ಪ್ರಯೋಗ ಮಾಡ್ತಾರೆ. ಶುರುವಾಗೋದು ನೋಡ್ತೇನೆ, ಆಮೇಲೆ ಎಂತ ಆಗ್ತದೆ ಗೊತ್ತಿಲ್ಲ. ಬಸ್ಸು ಅರ್ಧ ಗಂಟೆ ತಡ ಬಂದ್ರೆ ಸಾಕಿತ್ತು. ನಂಗೆ ಬೇರೆ ಎಂತದೂ ಬೇಡ.”

ಯಾರೂ ನಗಲಿಲ್ಲ. ಸೀತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಧಿಕಾರಿ ಎದ್ದು ನೆಟ್ಟಗೆ ರಸ್ತೆಗೆ ನಡೆದರು, ಹಿಂದೆ ಇಡೀ ಶಾಲೆ. ಕಂಡಕ್ಟರ್ ಲಕ್ಷ್ಮೀಶ ಬಸ್ಸಿನ ಮಾಲೀಕರಿಗೆ ಫೋನು ಹಚ್ಚಿ ಅಧಿಕಾರಿಯ ಕೈಗೆ ಕೊಟ್ಟ. ಮಾಲೀಕ ಗಣಪಯ್ಯನವರು ಒಳ್ಳೆಯ ಮನುಷ್ಯರು. “ಓದೋ ಮಕ್ಕಳಿಗಲ್ವಾ, ನಾಳೆಯಿಂದಲೇ ಅರ್ಧ ಗಂಟೆ ತಡವಾಗಿ ಬಿಡ್ತೇನೆ,” ಎಂದುಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಅರ್ಪಣಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಎಲ್ಲರಿಗಿಂತ ಹೆಚ್ಚು ಮನಸ್ಸು ಕರಗಿದ್ದು ಸಚ್ಚಿದಾನಂದರದ್ದು. ಅವರು ಬಸ್ಸಿನ ಮೆಟ್ಟಿಲೇರಿ ನಿಂತು ಘೋಷಿಸಿದರು: “ಈ ಹುಡುಗಿ ನನ್ನ ಕಣ್ಣು ತೆರೆಸಿದಳು. ಬಸ್ಸು ಅರ್ಧ ಗಂಟೆ ತಡವಾದ ಮೇಲೆ ಆ ಅರ್ಧ ಗಂಟೆ ಹಾಳಾಗಬಾರದು. ನಾಳೆಯಿಂದ ಹತ್ತನೆಯವರಿಗೆ ಅಷ್ಟು ಹೊತ್ತು ನಾನೇ ಲೆಕ್ಕದ ಸ್ಪೆಷಲ್ ಕ್ಲಾಸು ತಗೊಳ್ತೇನೆ. ಪ್ರಯೋಗ ನೋಡಿದ ಮೇಲೆ ಮಕ್ಕಳ ತಲೆಗೆ ಲೆಕ್ಕ ಹತ್ತೋದಿಲ್ಲ, ಅದಕ್ಕೆ ಲೆಕ್ಕ ಮೊದಲು, ಪ್ರಯೋಗ ಆಮೇಲೆ.”

ಅಧಿಕಾರಿ ಮೆಚ್ಚಿ ಅವರ ಕೈ ಕುಲುಕಿದರು. ಭಾರ್ಗವಿ ಟೀಚರು ಏನೋ ಹೇಳಲು ಬಾಯಿ ತೆರೆದರು, ಅದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. “ಸಂತೋಷ ಆಯ್ತಾ ಮಗಳೇ?” ಎಂದು ಅಧಿಕಾರಿ ಅರ್ಪಣಾಳ ಕೆನ್ನೆ ಸವರಿದರು. ಅವಳು ಎಂದಿನಂತೆ ಹ್ಞೂಂ ಎಂದಳು.

ಬಸ್ಸು ಹೊರಟಿತು. ಲಕ್ಷ್ಮೀಶ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, “ಅಂತೂ ನಾಳೆಯಿಂದ ನೀನು ಪಾಠ ಬಿಟ್ಟು ಓಡಿ ಬರೋದು ತಪ್ಪಿತು ನೋಡು,” ಎಂದ.

“ಓಡಿ ಬರೋದೇ ಲಕ್ಷ್ಮೀಶಣ್ಣ,” ಎಂದಳು ಅರ್ಪಣಾ ಕಿಟಕಿಯ ಹೊರಗೆ ನೋಡುತ್ತ. “ಅರ್ಧ ಗಂಟೆ ತಡವಾಗಿ.”