ಎರಡು ಬಚ್ಚಲು, ಒಂದು ಕಲೆ

ಕಣ್ಣಾರೆ ಕಂಡದ್ದನ್ನು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಬೆಳಿಗ್ಗೆ ಕಂಡದ್ದು ಸಂಜೆಯೊಳಗೆ ಬೇರೇನೋ ಆಗಿರುತ್ತದೆ.

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕೆಳಮನೆಯ ಜೋಶಿ ಕಾಕಾರ ಚಾವಣಿ ಸೋರತೊಡಗಿತು. ಅದರ ಮೇಲೆ ಎರಡು ಬಚ್ಚಲುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಒಂದು ನಮ್ಮದು, ಇನ್ನೊಂದು ಪಕ್ಕದ ಶೆಟ್ಟರದು. ಸೋರುವುದು ಯಾರದೋ ಅವರು ನೆಲ ಒಡೆಸಬೇಕು. ಪ್ಲಂಬರ್ ಶೆಟ್ಟರ ಬಚ್ಚಲಿಗೆ ಕೆಂಪು ಬಣ್ಣದ ನೀರು ಸುರಿದ. ಸಂಜೆ ಜೋಶಿಯವರ ಚಾವಣಿಯಲ್ಲಿ ಕೆಂಪು ಕಲೆ ಕಂಡಿತು. ತನಿಖೆ ಮುಗಿಯಿತು.

ನನಗೆ ಮಾತ್ರ ಮುಗಿಯಲಿಲ್ಲ. ಅದೇ ದಿನ ಬೆಳಿಗ್ಗೆ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬಂದಿದ್ದಳು. ಹೆಂಡತಿ ಅರಿಸಿನಕ್ಕೆ ಸುಣ್ಣ ಕದಡಿ ಕೆಂಪಾರತಿ ಎತ್ತಿದಳು. ಊರಿನಲ್ಲಾದರೆ ಅಂಗಳದಾಚೆ ಚೆಲ್ಲುವ ನೀರು, ಇಲ್ಲಿ ಅಂಗಳವೆಲ್ಲಿ? ಬಚ್ಚಲಿಗೆ ಚೆಲ್ಲಿದಳು. ನಾನು ನೋಡಿದ್ದೇನೆ: ಹಸಿರು ಸೀರೆ, ಕೈಯಲ್ಲಿ ಹರಿವಾಣ. ಚಾವಣಿಯ ಕೆಂಪು ಆ ನೀರಿನದೂ ಇರಬಹುದಲ್ಲ?

"ಅವತ್ತು ನಾನು ಸೀರೆಯೇ ಉಟ್ಟಿರ್ಲಿಲ್ಲ. ನೀರು ಹಾಕಿದ್ದು ಬಾಲ್ಕನಿಯ ಕುಂಡಕ್ಕೆ. ನಿಮಗೆಂತ ಮರುಳಾ? ಬಾಣಂತಿ ಇರುವಾಗ ಬಚ್ಚಲು ಒಡೆಸ್ತೀರಾ?" ಎಂದಳು ಹೆಂಡತಿ.

"ಪಪ್ಪಾ, ಚುಪ್ ಬೈಠೋ ನಾ," ಎಂದಳು ಮಗಳು.

ಸುಮ್ಮನಿರಲಾಗದೆ ಸೆಕ್ರೆಟರಿಯವರಿಗೆ ಎಲ್ಲ ಹೇಳಿದೆ. ಅವರು ನಕ್ಕರು: "ತುಮ್ಹೀ ದೋಘೇ ಉಡುಪೀಚೇ! ಇಬ್ಬರೂ ಉಡುಪಿಯವರೆಂದು ಊರವನನ್ನು ಉಳಿಸಲು ಕತೆ ಕಟ್ತೀರಾ?" ಶೆಟ್ಟರಿಗೂ ಅನುಮಾನ: "ನನ್ನ ಮೇಲೆ ಎಂತ ಇಷ್ಟು ಪ್ರೀತಿ? ಏನಾದ್ರೂ ಕೆಲಸ ಆಗ್ಬೇಕಿತ್ತಾ ಮಾರಾಯ್ರೆ?" ನನ್ನ ತಪ್ಪಿಗೆ ನಾನೇ ಸಾಕ್ಷ್ಯ ಹುಡುಕಬೇಕಾಯಿತು. ನಮ್ಮ ಬಚ್ಚಲಿನ ಕಲ್ಲು ಫಳಫಳ. ಬಾಲ್ಕನಿಯ ಕುಂಡದ ಮಣ್ಣು ಮೊದಲೇ ಕೆಂಪು. ಹಸಿರು ಸೀರೆ ನನ್ನ ತಂಗಿಯದಿರಬಹುದೇ? ಅವಳು ಅಂದು ವಾಶಿಯಿಂದ ಬಂದಿದ್ದಳೇ?

ಕೊನೆಗೆ ಶೆಟ್ಟರ ಬಚ್ಚಲಿನ ನೆಲವನ್ನೇ ಒಡೆಸಿದರು. ಅವರ ಮನೆಮಂದಿಯೆಲ್ಲ ಟವೆಲ್ ಹೆಗಲಿಗೇರಿಸಿ ನಮ್ಮಲ್ಲಿಗೆ ಸ್ನಾನಕ್ಕೆ ಬರತೊಡಗಿದರು. ವಾರದೊಳಗೆ ಜೋಶಿ ಕಾಕಾ ಏದುಸಿರು ಬಿಡುತ್ತ ಮೇಲೆ ಬಂದರು: "ಅರೇ, ಆತಾ ತರ್ ಧಾರ್ ಲಾಗಲೀ!" ಹನಿಯುತ್ತಿದ್ದದ್ದು ಈಗ ಧಾರೆಯಾಗಿತ್ತು.

ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಶೆಟ್ಟರು ನನ್ನ ಕೈ ಹಿಡಿದರು. "ನೀವು ಹೇಳಿದ್ದೇ ಸರಿ ಮಾರಾಯ್ರೆ! ನಮ್ಮದು ಒಣಗಿ ಬಿದ್ದಿದೆ. ಸೋರುವುದು ನಿಮ್ಮದೇ!"

ಜೀವನದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಮಾತು ನಂಬಿದ್ದರು. ಒಳಗೆ ಕೂಸಿನ ಸ್ನಾನಕ್ಕೆ ನೀರು ಕಾಯುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಹಾಗೆಲ್ಲ ಹೇಳ್ಲಿಕ್ಕಾಗುವುದಿಲ್ಲ ಶೆಟ್ರೆ," ಎಂದೆ. "ಬಚ್ಚಲು ನಮ್ಮದಿರಬಹುದು. ಸೋರುವ ನೀರು ನೀವು ಮಿಂದದ್ದು."